ಪೂಜೆಗಿಟ್ಟ ಸೀಸೆ

ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ತುಂಗಾಳ ಗೈಡ್ ಡಾ. ಸಿದ್ದಲಿಂಗೇಶ್ ಒಳ್ಳೆಯವರು. ಅವರ ಕೈ ಮಾತ್ರ ಸುಮ್ಮನಿರುವುದಿಲ್ಲ. ಲ್ಯಾಬಿನಲ್ಲಿ ಯಾರ ಸೀಸೆ ಕಂಡರೂ ಎತ್ತಿ, ಬೆಳಕಿಗೆ ಹಿಡಿದು, ಓರೆ ಮಾಡಿ, "ಹರಳು ಬಂತೇನಮ್ಮಾ?" ಎನ್ನುತ್ತಾರೆ. ಅಲುಗಾಡದೆ ಇದ್ದರೆ ತಾನೇ ಹರಳು ಬರುವುದು! ಕೆಳಗಿನ ಕಿತ್ತಳೆ ದ್ರಾವಣ, ಅದರ ಮೇಲೆ ಮೆಲ್ಲಗೆ ಇಳಿಸಿದ ಹೆಕ್ಸೇನ್ ಎಂಬ ತಿಳಿ ದ್ರವ, ಎರಡೂ ತಾವಾಗಿ ಬೆರೆಯುವವರೆಗೆ ಮುಟ್ಟಕೂಡದು. ಸಾರ್ ಮುಟ್ಟಿದರೆ ತಳದಲ್ಲಿ ಬರೀ ಪುಡಿ.

ಜಗಳವಿದ್ದದ್ದೂ ಆ ಹರಳಿನ ಮೇಲೆಯೇ. ರುಥೇನಿಯಂ ಲೋಹಕ್ಕೆ ಒಂದೊಂದು ರಂಜಕವಿರುವ ಎರಡು ಫಾಸ್ಫೀನ್ ಕೂಡಿಸಿ ತುಂಗಾ ಹೊಸ ಸಂಯುಕ್ತ ಮಾಡಿದ್ದಳು. ಎರಡು ರಂಜಕಗಳೂ ಲೋಹದ ಆಚೆಗೊಂದು ಈಚೆಗೊಂದು ಎದುರುಬದುರು ಕೂತಿವೆ ಎಂದು ಅವಳ ವಾದ. ಅಕ್ಕಪಕ್ಕ ಕೂತಿವೆ ಎಂದು ಸಾರ್. ಇಂಥ ಸಂಯುಕ್ತಗಳೆಲ್ಲ ಹಾಗೇ ಎಂದು ಅವರು ಕ್ಲಾಸಿನಲ್ಲೂ ಪಾಠ ಮಾಡುತ್ತಿದ್ದರು. "ಎಕ್ಸ್-ರೇ ಚಿತ್ರ ತೋರ್ಸು, ಥೀಸಿಸ್‌ಗೆ ಸೈನ್ ಹಾಕ್ತೀನಿ" ಎಂದಿದ್ದರು. ಎಕ್ಸ್-ರೇಗೆ ಹರಳು ಬೇಕು. ಹರಳು ಬೆಳೆಯಲು ಈ ಮಹಾನುಭಾವರು ಬಿಡಬೇಕಲ್ಲ!

ದಸರೆ ಬಂತು. ಕೆಂಗೇರಿ ಕಡೆಯ ಆ ಕಾಲೇಜಿನಲ್ಲಿ ಸರಸ್ವತಿ ಪೂಜೆಗೆ ಲ್ಯಾಬಿನ ಮೇಜಿನ ಮೇಲೆ ಪುಸ್ತಕ ಜೋಡಿಸಿಡುತ್ತಾರೆ. ವಿಜಯದಶಮಿಯವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ. ತುಂಗಾ ಪುಸ್ತಕಗಳ ನಡುವೆ ತನ್ನ ಸೀಸೆಯನ್ನೂ ಇಟ್ಟು, ಪಕ್ಕಕ್ಕೊಂದು ಚೆಂಡುಹೂವು ಇಟ್ಟು ಕೈಮುಗಿದಳು.

ಸಾರ್ ಬಂದರು. ಕೈ ಮುಂದೆ ಹೋಯಿತು.

"ಸಾರ್, ಪೂಜೆಗಿಟ್ಟಿದೀನಿ!"

"ಸುಮ್ನೆ ನೋಡ್ತೀನಿ ಕಣಮ್ಮಾ."

"ಕಣ್ಣಲ್ಲಿ ನೋಡಿ ಸಾರ್."

ಪೂಜೆಗಿಟ್ಟದ್ದನ್ನು ಮುಟ್ಟುವ ಧೈರ್ಯ ಅವರಿಗಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿದರು, ಕೆನ್ನೆಯನ್ನು ಮೇಜಿಗೆ ಹಚ್ಚಿ ಇಣುಕಿದರು. ರಜೆಯ ದಿನವೂ ಛತ್ರಿ ಮರೆತೆನೆಂಬ ನೆಪದಲ್ಲಿ ಚಂದ್ರಾ ಲೇಔಟಿನ ಮನೆಯಿಂದ ಬಂದು ಮೇಜು ಸುತ್ತತೊಡಗಿದರು.

"ಪ್ರದಕ್ಷಿಣೆ ಆಯ್ತಾ ಸಾರ್? ತೀರ್ಥ ಕೊಡ್ಲಾ?" ಎಂದ, ಪಕ್ಕದ ಮೇಜಿನಲ್ಲಿ ಸಂಶೋಧನೆ ಮಾಡುವ ಶಿವಯೋಗಿ. ಸಾರ್ ಕೇಳಿಸಿಕೊಳ್ಳದವರಂತೆ ಹೊರಟುಹೋದರು.

ವಿಜಯದಶಮಿಯ ಮಂಗಳಾರತಿ ಮುಗಿದ ಮೇಲೆ ತುಂಗಾ ಸೀಸೆ ಎತ್ತಿದಳು. ತಳದಲ್ಲಿ ಕಿತ್ತಳೆ ಬಣ್ಣದ ಹರಳುಗಳು, ಸಾಸಿವೆಯಷ್ಟು ಸಣ್ಣವು, ಅಂಚು ಮುಕ್ಕಾಗದವು. 

ಮುಂದಿನ ವಾರ ಎಕ್ಸ್-ರೇ ಚಿತ್ರ ಬಂತು. ರಂಜಕಗಳು ಎದುರುಬದುರು ಕೂತಿದ್ದವು. ಸಾರ್ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಗೆಲ್ಲಬೇಕೆಂದು ಇಷ್ಟು ದಿನ ಹಟ ಹಿಡಿದಿದ್ದ ತುಂಗಾಗೆ ಈಗ ಅವರ ಮುಖ ನೋಡಲು ಸಂಕಟವಾಯಿತು.

ಅವರು ಥೀಸಿಸ್ ಎಳೆದುಕೊಂಡು ಸೈನ್ ಹಾಕಿದರು. "ಸೋಮವಾರ ನನ್ನ ಕ್ಲಾಸಿಗೆ ನೀನೇ ಹೋಗು. ಸಾರ್ ಹೇಳಿಕೊಟ್ಟಿದ್ದು ತಪ್ಪು ಅಂತ ಹೇಳು."

"ನಾನಾ? ನೀವೇ ಹೇಳಿ ಸಾರ್."

"ನಾನು ಹೋದ್ರೆ ಅರ್ಧದಲ್ಲೇ ನನ್ನ ಪರವಾಗಿ ವಾದ ಶುರು ಮಾಡ್ತೀನಿ ಕಣಮ್ಮಾ."

ಸೋಮವಾರ ತುಂಗಾ ಬೋರ್ಡಿನ ಮೇಲೆ ಆ ಅಣುವನ್ನು ಬರೆದು ತಿರುಗಿದಳು. ಕೊನೆಯ ಬೆಂಚಿನಲ್ಲಿ, ಹುಡುಗರ ನಡುವೆ ಇರುಕಿಕೊಂಡು ಕೂತಿದ್ದ ಸಾರ್ ಎಲ್ಲರಿಗಿಂತ ಮೊದಲು ಕೈ ಎತ್ತಿದರು.

"ಒಂದು ಡೌಟು, ಮೇಡಂ."