ಚಪ್ಪಲಿ ಬಚ್ಚಿಟ್ಟ ಗುರುವಾರ

ಬೆಳಕಿನ ಮನೆ ಅನಾಥಾಶ್ರಮದಿಂದ ಆ ಗುರುವಾರ ಬೆಳಿಗ್ಗೆ ಲೋಕಕಲ್ಯಾಣಕ್ಕೆ ಸಂಬಂಧಿಸಿದ ಮಹತ್ವದ ನಿರ್ಣಯವೊಂದು ಹೊರಬಿತ್ತು: ಮಕ್ಕಳ ಮೂವತ್ತೊಂದು ಜೊತೆ ಚಪ್ಪಲಿಗಳನ್ನು ಗೋಣಿಚೀಲಕ್ಕೆ ತುಂಬಿ, ಉಗ್ರಾಣದಲ್ಲಿಟ್ಟು ಬೀಗ ಹಾಕತಕ್ಕದ್ದು. ಸೇವೆಗೆಂದು ವಿದೇಶದಿಂದ ಜನ ಬರುವ ದಿನ ಕಾಲಲ್ಲಿ ಚಪ್ಪಲಿ ಇರುವುದು ಅನಾಥರಿಗೆ ಶೋಭಿಸುವುದಿಲ್ಲ ಎಂಬುದು ಪಾದ್ರಿ ಬಲಿಡಾವ ಅವರ ಅಭಿಪ್ರಾಯ.

"ಏಯ್ ಕತ್ತೆಮುಂಡೆ, ಆ ಮಗೀನ ಮೂಗು ಯಾಕೆ ಒರೆಸ್ತಿದೀಯ?" ಎಂದು ಅವರು ಜಗಲಿಯಿಂದಲೇ ಗದರಿದರು. "ಸುರೀಲಿ ಬಿಡು. ಅದನ್ನ ಒರೆಸೋಕೇ ಅವ್ರು ಸಮುದ್ರ ದಾಟ್ಕಂಡು ಬರ್ತಿರೋದು."

ಬಟ್ಟೆ ಒಗೆಯುವ ಹೆಂಗಸು ಸೆರಗು ಹಿಂದಕ್ಕೆಳೆದುಕೊಂಡಳು. ಪಾದ್ರಿಯ ಬಾಯಲ್ಲಿ ಅವಳು ದಿನಕ್ಕೆ ಹತ್ತು ಸಲ ಕತ್ತೆಯೋ ಹಂದಿಯೋ ಆಗುತ್ತಿದ್ದಳು. ಆದರೆ ಕೂಗಿ ಕರೆಯಬೇಕಾದಾಗ ಮಾತ್ರ ನಬಿರ್ಯೆ. ಅವಳಿ ಹೆತ್ತವಳಿಗೆ ಬುಸೋಗ ಸೀಮೆಯಲ್ಲಿ ಅದೇ ಹೆಸರು. ಅವಳಿಗಳ ಮುನಿಸು ತಟ್ಟೀತೆಂದು ಬೇರೆ ಹೆಸರು ಹಿಡಿದು ಕೂಗುವ ಧೈರ್ಯ ಪೊಲೀಸನಿಗೂ ಇಲ್ಲ, ಪಾದ್ರಿಗೂ ಇಲ್ಲ.

ಅವಳ ಅವಳಿಗಳಲ್ಲಿ ಮೊದಲು ಹುಟ್ಟಿದವಳು ಬಬಿರ್ಯೆ, ಆಮೇಲೆ ಬಂದವಳು ಕವುಧಾ. ಗಂಡ ಕಬ್ಬಿನ ಗದ್ದೆಯಲ್ಲಿ ಟ್ರಾಕ್ಟರಿನಡಿ ಸಿಕ್ಕಿ ಸತ್ತ ವರ್ಷ ಪಾದ್ರಿ ಗುಡಿಸಲಿಗೆ ಬಂದು, "ಒಂದನ್ನ ನಂಗೆ ಕೊಡು, ಓದುಸ್ತೀನಿ" ಎಂದಿದ್ದರು. ನಾಲ್ಕು ವರ್ಷದ ಕವುಧಾ ಅಂದಿನಿಂದ ಅನಾಥಳಾದಳು. ಗೇಟಿನೊಳಗೆ ಅವ್ವ ಅನ್ನಕೂಡದು ಎಂಬ ಕರಾರಿನ ಮೇಲೆ ನಬಿರ್ಯೆಗೂ ಬಟ್ಟೆ ಒಗೆಯುವ ಕೆಲಸ ಸಿಕ್ಕಿತು. ಎರಡು ವರ್ಷದಿಂದ ಅವಳು ಮಗಳ ಲಂಗ ಒಗೆಯುತ್ತಿದ್ದಳು, ಮಗಳನ್ನು ಮುಟ್ಟುತ್ತಿರಲಿಲ್ಲ. ಬಬಿರ್ಯೆ ದಿನವೂ ಗೇಟಿನಾಚೆಯ ಹಲಸಿನ ಮರದಡಿ ಕೂತು ತಾಯಿಗಾಗಿ ಕಾಯುತ್ತಿದ್ದಳು.

"ಇವತ್ತು ಒಂದು ಹೆಬ್ಬೆಟ್ಟು ಒತ್ತೋದೈತೆ," ಎಂದರು ಪಾದ್ರಿ. "ಆ ಡೆನ್ಮಾರ್ಕಿನ ಹುಡುಗಿ ಸಿಗ್ನೆಯ ಚಿಕ್ಕಮ್ಮ ಕವುಧಾನ ಸಾಕ್ಕೊಳ್ತಾಳಂತೆ. ಅಲ್ಲಿಗೇ ಕರ್ಕೊಂಡೋಗ್ತಾರೆ."

"ನಾನ್ಯಾಕೆ ಒತ್ಲಿ?"

"ನೆರೆಮನೆಯವಳ ಸಾಕ್ಷಿ. ಈ ಮಗೀನ ತಾಯಿ ಸತ್ತಿದ್ದನ್ನ ಕಣ್ಣಾರೆ ಕಂಡಿದೀನಿ ಅಂತ."

"ನಾನು ಸತ್ತಿದ್ದನ್ನ ನಾನೇ ಕಂಡೆ ಅಂತಲಾ?"

"ನಿನ್ನಷ್ಟು ಹತ್ರದಿಂದ ಇನ್ಯಾರು ಕಂಡಿರ್ತಾರವ್ವ," ಎಂದ ಗೇಟು ಕಾಯುವ ಮುದುಕ ಮಗುಂಬ.

"ಬಾಯ್ಮುಚ್ಚೋ ಮುದಿಗೂಬೆ." ಪಾದ್ರಿ ಅವಳತ್ತ ತಿರುಗಿದರು. "ಒತ್ತದಿದ್ರೆ ನಾಳೆಯಿಂದ ಇತ್ತ ಕಾಲಿಡಬ್ಯಾಡ. ಮಗು ಹೆಂಗೂ ಹೋಗುತ್ತೆ. ಹೆಬ್ಬೆಟ್ಟು ಊರ್ತುಂಬ ಬಿದ್ದವೆ."

ಹತ್ತು ಗಂಟೆಗೆ ವ್ಯಾನು ಬಂತು. ಆರು ವಾರದಿಂದ ಇಲ್ಲೇ ಇದ್ದ ಸಿಗ್ನೆ ಹೊಸಬರು ಮೂವರನ್ನು ಕರೆತಂದಿದ್ದಳು. ಮಕ್ಕಳು ಹೇಳಿಕೊಟ್ಟಂತೆ ಓಡಿ ಸಿಕ್ಕ ಬಿಳಿ ಮಡಿಲನ್ನೇರಿದರು. ಈ ಮಡಿಲುಗಳು ರಜೆ ಮುಗಿದ ಕೂಡಲೇ ಖಾಲಿಯಾಗುತ್ತವೆಂದು ಮೂರು ವರ್ಷದವಕ್ಕೂ ಗೊತ್ತಿತ್ತು. ಕವುಧಾ ಸಿಗ್ನೆಯ ಮಡಿಲಲ್ಲಿ ಕೂತಳು. ಸಿಗ್ನೆ ಅವಳ ತಲೆ ಸವರಿ ಕಣ್ಣೊರೆಸಿಕೊಂಡಳು. ಹೊಸಬನೊಬ್ಬ ಕವುಧಾಳ ಧೂಳುಗಾಲಿನ ಫೋಟೋ ತೆಗೆದ.

"ನಬಿರ್ಯೆ, ಬಾ ಇಲ್ಲಿ," ಎಂದು ಪಾದ್ರಿ ಕಾಗದ ಹರಡಿದರು. ಅವಳು ಬಂದು ನಿಂತಳು, ಕೈ ಚಾಚಲಿಲ್ಲ. ಪಾದ್ರಿಯೇ ಅವಳ ಹೆಬ್ಬೆರಳು ಹಿಡಿದು ಮಸಿಗೆ ಅದ್ದಿದರು.

ಸಿಗ್ನೆ ತಲೆಯೆತ್ತಿದಳು. ಅಡುಗೆಯವರ ಹತ್ತಿರ ಊರಿನ ಮಾತು ಕಲಿತಿದ್ದಳು. "ನಬಿರ್ಯೆ ಅಂದರೆ ಅವಳಿಗಳ ತಾಯಿ, ಅಲ್ಲವೇ? ನಿಮ್ಮ ಮಕ್ಕಳು ಎಲ್ಲಿದ್ದಾರೆ?"

"ಸತ್ತೋದ್ವು, ಪಾಪ," ಎಂದು ಪಾದ್ರಿ ಗಡಿಬಿಡಿಯಲ್ಲಿ ನಡುವೆ ಬಾಯಿ ಹಾಕಿದರು. "ಎರಡೂನೂವೆ."

ಅಡುಗೆಮನೆಯಲ್ಲಿ ಗಂಜಿ ತಿರುವುತ್ತಿದ್ದ ಕೋಲು ನಿಂತಿತು. ಅವಳಿ ನಿಜವಾಗಿ ಸತ್ತರೂ ಆ ಸೀಮೆಯಲ್ಲಿ ಸತ್ತಿತು ಅನ್ನುವುದಿಲ್ಲ, ಹಾರಿಹೋಯಿತು ಅನ್ನುತ್ತಾರೆ. ಬದುಕಿರುವ ಅವಳಿಗಳನ್ನು ಹೆತ್ತವಳ ಎದುರೇ ಬಾಯಿಮಾತಲ್ಲಿ ಸಾಯಿಸಿದವನನ್ನು ಯಾರೂ ಕಂಡಿರಲಿಲ್ಲ. ಮಗುಂಬ ಟೋಪಿ ತೆಗೆದ. ಆಡಿದ್ದು ಏನೆಂದು ತಿಳಿದು ಪಾದ್ರಿಯ ಹಣೆಯೂ ಬೆವರಿತು.

ನಬಿರ್ಯೆ ಮಸಿಯ ಹೆಬ್ಬೆರಳನ್ನು ಅವರ ಬಿಳಿ ಅಂಗಿಯ ಎದೆಗೆ ಒತ್ತಿದಳು. ಆತುರಪಡದೆ, ಗುರುತು ಚೆನ್ನಾಗಿ ಮೂಡುವಷ್ಟು ಹೊತ್ತು ಒತ್ತಿದಳು. ಆಮೇಲೆ ಗೇಟಿನತ್ತ ನಡೆದಳು. ಮಗುಂಬ ಯಾರನ್ನೂ ಕೇಳದೆ ಬಾಗಿಲು ತೆರೆದ.

ಅವಳು ಬಬಿರ್ಯೆಯನ್ನು ತಂದು ಸಿಗ್ನೆಯ ಮುಂದೆ ನಿಲ್ಲಿಸಿದಳು. ಅದೇ ಹಣೆ, ಅದೇ ಕಿವಿ, ಬಿದ್ದ ಹಲ್ಲೂ ಅದೇ. ಹೊರಗಿನವಳ ಕಾಲಲ್ಲಿ ಟೈರು ಕೊಯ್ದು ಮಾಡಿದ ಚಪ್ಪಲಿ ಇತ್ತು.

"ಇಳಿಯೇ," ಎಂದಳು ನಬಿರ್ಯೆ.

ಕವುಧಾ ಪಾದ್ರಿಯ ಮುಖ ನೋಡಿದಳು. "ಅವ್ವ ಅನ್ಲಾ?"

"ಅನ್ನು."

ಸಿಗ್ನೆಯ ಮುಖ ಕೆಂಪಾಯಿತು. "ನೀವೆಲ್ಲ ನನಗೆ ಸುಳ್ಳು ಹೇಳಿದಿರಿ. ನಾನು ಇವಳನ್ನು ಪ್ರೀತಿಸಿದೆ."

"ನಿನ್ ಪ್ರೀತಿಗೆ ನಾನು ಸಾಯ್ಬೇಕಿತ್ತಲ್ಲವ್ವ," ಎಂದಳು ನಬಿರ್ಯೆ. "ಪುರುಸೊತ್ತಾಗ್ಲಿಲ್ಲ. ನಿನ್ ಬಟ್ಟೆ ಒಗೀತಿದ್ದೆ."

ಎರಡೂ ಕೈಯಲ್ಲಿ ಒಂದೊಂದು ಮಗು ಹಿಡಿದು ಅವಳು ಹೊರಟಳು. ಉಗ್ರಾಣದ ಬೀಗ ತೆಗೆಯಲು ಯಾರೂ ಏಳಲಿಲ್ಲ.

ಸಿಗ್ನೆ ಶನಿವಾರದ ವಿಮಾನ ಹತ್ತಿದಳು. ನಬಿರ್ಯೆಯ ಕೆಲಸ ಹೋಯಿತು, ಮಗುಂಬನದೂ ಹೋಯಿತು. ಮರುವಾರ ನದಿಯಾಚೆಯ ಊರಿನಿಂದ ಒಬ್ಬಳು ಹುಡುಗಿಯನ್ನು ಅನಾಥೆಯಾಗಿ ತಂದರು. ಕವುಧಾಳ ಚಪ್ಪಲಿ ಅವಳಿಗೆ ಸರಿಹೋಯಿತು.