ಪೂಜೆಗೆ ಕೂತ ಕಂಪ್ಯೂಟರು

ಆಯುಧಪೂಜೆಯ ಮಧ್ಯಾಹ್ನ ಮಧುಗಿರಿಯ ಆ ಪುಟ್ಟ ಆಫೀಸಿನಲ್ಲಿ ಎಚ್ಚರವಾಗಿದ್ದವಳು ಲೋಹಿತಾ ಒಬ್ಬಳೇ. ಯಜಮಾನ ನಂದೀಶ್ವರಯ್ಯ ಹೋಳಿಗೆ ಊಟ ಮುಗಿಸಿ ಒಳಕೋಣೆಯ ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದರು. ಜೊತೆಗಾರ ಅಂಜನ್ ಕುಮಾರ್ ಮಂಗಳಾರತಿ ಆಗುತ್ತಲೇ ಹೆಂಡತಿ ಸಮೇತ ಮಹಾಲಕ್ಷ್ಮಿಯ ದರ್ಶನಕ್ಕೆ ಗೊರವನಹಳ್ಳಿಯ ಬಸ್ಸು ಹತ್ತಿದ್ದ. ಗಿರಾಕಿಗಳ ಫೋನ್ ಎತ್ತಲು ಯಾರಾದರೂ ಇರಬೇಕಲ್ಲ, ಮದುವೆಯಾಗದ ಹುಡುಗಿಗೆ ಮನೇಲೇನು ಕೆಲಸ ಅಂತ ಆ ಪುಣ್ಯವನ್ನು ಇವಳ ತಲೆಗೆ ಕಟ್ಟಿದ್ದರು.

ಅವರ ವ್ಯಾಪಾರ ಮೊಬೈಲ್ ಸ್ಟಾರ್ಟರ್‌ನದ್ದು. ರೈತ ಮನೆಯಲ್ಲೇ ಕೂತು ಫೋನ್ ಒತ್ತಿದರೆ ಹೊಲದ ಮೋಟಾರು ಆನ್ ಆಗಬೇಕು, ಮತ್ತೆ ಒತ್ತಿದರೆ ಆಫ್. ಆ ಫೋನಿಗೂ ಮೋಟಾರಿಗೂ ನಡುವೆ ಮಾತು ಮುಟ್ಟಿಸುವ ಕೋಡು ಬರೆಯುವವರು ಲೋಹಿತಾ ಮತ್ತು ಅಂಜನ್. ಹಬ್ಬದ ದಿನ ಯಂತ್ರಗಳಿಗೂ ವಿಶ್ರಾಂತಿ ಬೇಡವೇ? ಬೆಳಿಗ್ಗೆಯೇ ಎಲ್ಲ ಮೋಟಾರುಗಳನ್ನೂ ಬೇರೆ ಊರಿನಲ್ಲಿ ಬಾಡಿಗೆಗೆ ಹಿಡಿದ ಸರ್ವರ್‌ನಿಂದ ನಿಲ್ಲಿಸಿ, ನಾಳೆ ಬೆಳಿಗ್ಗೆ ಮತ್ತೆ ಬಿಡುತ್ತೇವೆ ಅಂತ ಎಲ್ಲರಿಗೂ ಮೆಸೇಜು ಕಳಿಸಿದ್ದರು.

ಎರಡು ಗಂಟೆ ದಾಟಿತ್ತು. ಫೋನ್ ಬಡಿದುಕೊಂಡಿತು. ತೋವಿನಕೆರೆ ಕಡೆಯ ದೊಡ್ಡರಂಗಪ್ಪ. ಹಳೇ ಗಿರಾಕಿ, ಫೋನಿನಲ್ಲೂ ಗದ್ದೆಯಾಚೆಯವರನ್ನು ಕೂಗುವಂತೆಯೇ ಮಾತಾಡುವ ಮನುಷ್ಯ.

"ಲೋಹಿತಮ್ಮ, ಮೇಕೆ ಮರಿ ಬಾವಿಗೆ ಬಿದ್ದೋಗೈತೆ ಕಣಮ್ಮ. ಕಲ್ಲು ಸಂದೀಲಿ ಸಿಗಾಕ್ಕೊಂಡು ಬಡ್ಕೊಂತಾ ಐತೆ. ಇಳಿಯಾನ ಅಂದ್ರೆ ಮೋಟ್ರಿನ ಕೇಬಲ್ ನೀರೊಳಗೆ ಒಂದ್ ಕಡೆ ಸುಲಿದೈತೆ. ಮೋಟ್ರು ಓಡುವಾಗ ನೀರಿಗೆ ಕೈ ಇಕ್ಕಿದ್ರೆ ಜುಂ ಅಂತೈತೆ."

"ಅಯ್ಯೋ, ಫ್ಯೂಸ್ ಕಿತ್ತಾಕಿ ಇಳೀರಣ್ಣ."

"ಫ್ಯೂಸ್ ಇರೋದು ಪೂಜೆ ಮಾಡಿರೋ ಡಬ್ಬದಾಗೆ ಕಣಮ್ಮ. ಅರಿಶಿನ ಕುಂಕುಮ ಇಕ್ಕಿ, ಹಾರ ಹಾಕಿ, ದಾರ ಸುತ್ತಿವ್ನಿ. ನಾಳೆಗಂಟ ಬಿಚ್ಚಂಗಿಲ್ಲ. ನಮ್ಮಪ್ಪನ ಕಾಲದಿಂದ ಹಬ್ಬದ ದಿನ ಬಿಚ್ಚಿಲ್ಲ. ಇವತ್ತು ಮೋಟ್ರು ತಾನಾಗೇ ಆನ್ ಆಗಕಿಲ್ಲ ತಾನೆ? ಅಷ್ಟು ಹೇಳ್ಬುಡು, ಸಾಕು."

ಲೋಹಿತಾ ಲ್ಯಾಪ್‌ಟಾಪ್ ತೆರೆದಳು. ಉಡಾಫೆಯಲ್ಲಿ ಉತ್ತರ ಕೊಡುವವಳಲ್ಲ ಅವಳು. ಹತ್ತು ವರ್ಷದಿಂದ ಬಂದವರು ಹೋದವರೆಲ್ಲ ಬರೆದು ಗುಡ್ಡೆ ಹಾಕಿದ ಕೋಡು ಅದು, ಕಣ್ಣಲ್ಲಿ ಓದಿ ಮುಗಿಯುವಂಥದ್ದಲ್ಲ. ಅದಕ್ಕೆಂದೇ ಒಂದು ಸಾಧನ ಇಟ್ಟುಕೊಂಡಿದ್ದರು. ಬಟನ್ನು, ಚಿತ್ರ ಏನೂ ಇಲ್ಲದ ಕಪ್ಪು ಪರದೆ. ಆಜ್ಞೆ ಟೈಪ್ ಮಾಡಬೇಕು. ಅದು ಮೊದಲೇ ಅಷ್ಟೂ ಕೋಡನ್ನು ಓದಿ, ಯಾವ ಪದ ಯಾವ ಕಡತದ ಯಾವ ಸಾಲಿನಲ್ಲಿದೆ ಅಂತ ಸೂಚಿ ಕಟ್ಟಿಟ್ಟುಕೊಂಡಿರುತ್ತದೆ. ಕೇಳಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳುತ್ತದೆ. ಮೋಟಾರು ಆನ್ ಮಾಡುವ ಆಜ್ಞೆ ಎಲ್ಲೆಲ್ಲಿದೆ ಅಂತ ಕೇಳಿದಳು. ಎರಡು ಸಾಲು ಬಂದವು. ಒಂದು, ರೈತ ತಾನೇ ಫೋನ್ ಒತ್ತಿದಾಗಿನದು. ಇನ್ನೊಂದು, ನಾಳೆ ಬೆಳಗಿನದು. ಬೇರೆ ಇಲ್ಲ.

"ಇವತ್ತು ಆಗಲ್ಲ ದೊಡ್ಡರಂಗಪ್ಪಣ್ಣ. ನೋಡಿಯೇ ಹೇಳ್ತಿದೀನಿ."

"ಅಂಗಾರೆ ಇಳಿತೀನಿ, ನಿನ್ ಹೊಟ್ಟೆ ತಣ್ಣಗಿರ್ಲಿ," ಅಂದು ಅವನು ಫೋನ್ ಇಟ್ಟ.

ಅವಳಿಗೂ ಹಗುರವಾಯಿತು. ಎದ್ದು ತಟ್ಟೆಯಲ್ಲಿದ್ದ ಕೋಸಂಬರಿ ಬಾಯಿಗೆ ಹಾಕಿಕೊಂಡಳು. ಎದುರಿಗೆ ದೇವರ ಪಟದ ಕೆಳಗೆ ಆಫೀಸಿನ ದೊಡ್ಡ ಕಂಪ್ಯೂಟರು ಚೆಂಡುಹೂವಿನ ಹಾರ ಹಾಕಿಕೊಂಡು, ಹಣೆಗೆ ಮೂರು ಪಟ್ಟೆ ವಿಭೂತಿ ಬಳಿದುಕೊಂಡು ಮದುಮಗನಂತೆ ಕೂತಿತ್ತು. ನಿನ್ನೆ ಸಂಜೆಯೇ ಅದನ್ನು ಆರಿಸಿ, ಒರೆಸಿ, ಪೂಜೆಗೆ ಇಟ್ಟಾಗಿತ್ತು. ಅಗಿಯುತ್ತಿದ್ದ ಕೋಸಂಬರಿ ಬಾಯಲ್ಲೇ ನಿಂತಿತು.

ಆರಿಸಿದ್ದರು. ನಿನ್ನೆ ಸಂಜೆಯೇ! ದಿನಾ ಬೆಳಿಗ್ಗೆ ಎಲ್ಲರ ಹೊಸ ಕೋಡನ್ನು ಓದಿ, ಸೂಚಿ ಕಟ್ಟಿ, ಅವಳ ಲ್ಯಾಪ್‌ಟಾಪಿಗೆ ಕಳಿಸುತ್ತಿದ್ದುದು ಆ ಕಂಪ್ಯೂಟರೇ. ಇವತ್ತು ಅದು ಏನನ್ನೂ ಓದಿಲ್ಲ. ಅವಳು ನೋಡಿ ಹೇಳಿದ್ದು ನಿನ್ನೆಯ ಸೂಚಿ.

ಇರಲಿ, ಹಬ್ಬದ ಹಿಂದಿನ ಸಂಜೆ ಯಾರು ತಾನೆ ಕೋಡು ಬರೆಯುತ್ತಾರೆ ಅಂದುಕೊಂಡಳು. ಅಂದುಕೊಂಡರೂ ಕೈ ಸುಮ್ಮನಿರಲಿಲ್ಲ. ಇವತ್ತಿನ ತನಕದ ಕೋಡನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಲು ಕೊಟ್ಟಳು. ಹಬ್ಬದ ದಿನ, ಊರಿಗೆ ಊರೇ ಫೋನಿನಲ್ಲಿ ಶುಭಾಶಯ ಕಳಿಸುತ್ತಾ ಕೂತಿದೆ, ನೆಟ್‌ವರ್ಕು ತೆವಳುತ್ತಿತ್ತು. ಇಳಿದ ಮೇಲೆ ಸೂಚಿ ಹೊಸದಾಗಿ ಕಟ್ಟು ಅಂತ ಆಜ್ಞೆ ಕೊಟ್ಟಳು. ಕಡತದ ಹೆಸರುಗಳು ಪರದೆಯ ಮೇಲೆ ಒಂದರ ಹಿಂದೆ ಒಂದು ಓಡತೊಡಗಿದವು. ಸುಮ್ಮನೆ ಇರಲಾಗದೆ ದೊಡ್ಡರಂಗಪ್ಪನಿಗೆ ಫೋನ್ ಹಚ್ಚಿದಳು. ರಿಂಗಾಯಿತು, ಯಾರೂ ಎತ್ತಲಿಲ್ಲ.

ಸೂಚಿ ಮುಗಿಯಿತು. ಅದೇ ಪ್ರಶ್ನೆ ಮತ್ತೆ ಕೇಳಿದಳು. ಮೂರು ಸಾಲು ಬಂದವು.

ಮೂರನೆಯದು ಅಂಜನ್ ಬರೆದದ್ದು, ನಿನ್ನೆ ರಾತ್ರಿ ಮನೆಯಿಂದ. ಇವತ್ತು ರಾಹುಕಾಲ ಕಳೆದು ಮೂರು ಗಂಟೆಗೆ ಸರಿಯಾಗಿ ಎಲ್ಲ ಮೋಟಾರುಗಳನ್ನೂ ಒಂದು ನಿಮಿಷ ಆನ್ ಮಾಡುವುದು. ಪಕ್ಕದಲ್ಲಿ ಒಂದು ಟಿಪ್ಪಣಿ ಬೇರೆ: ಯಜಮಾನರು ಹೇಳಿದ್ದು, ಶಾಸ್ತ್ರಕ್ಕೆ.

"ಸರ್! ಸರ್, ಏಳಿ!"

ನಂದೀಶ್ವರಯ್ಯ ಗಾಬರಿಯಿಂದ ಎದ್ದರು. ಅವಳು ಪರದೆ ತೋರಿಸಿದಳು. ಅವರ ಮುಖ ಮೊದಲು ಅರಳಿತು.

"ಹೂಂ ಕಣಮ್ಮ, ನಾನೇ ಹೇಳಿದ್ದು. ಪೂಜೆ ಮಾಡಿದ ಗಾಡೀನ ನಿಂಬೆಹಣ್ಣಿನ ಮೇಲೆ ಹತ್ತಿಸಿ ಒಂದು ಸುತ್ತು ಓಡಿಸಲ್ವೇ? ಅಂಗೇ ಮೋಟ್ರೂ ಒಂದ್ ಗಳಿಗೆ ತಿರುಗಲಿ ಅಂತ. ರೈತರಿಗೆ ಖುಷಿಯಾಗ್ಲಿ ಅಂತ ಮೊದ್ಲೇ ಹೇಳಿರಲಿಲ್ಲ."

"ದೊಡ್ಡರಂಗಪ್ಪ ಬಾವಿ ನೀರೊಳಗಿದಾರೆ ಸರ್. ಕೇಬಲ್ ಸುಲಿದಿದೆ. ಇವತ್ತು ಆನ್ ಆಗಲ್ಲ ಅಂತ ನಾನೇ ಹೇಳಿ ಇಳಿಸಿದೀನಿ."

ಅವರು ಗೋಡೆಯ ಗಡಿಯಾರ ನೋಡಿದರು. ಮೂರಕ್ಕೆ ಎಂಟು ನಿಮಿಷ. "ನಿಲ್ಸು ಮತ್ತೆ! ನಿಲ್ಸಮ್ಮ!"

ನಿಲ್ಲಿಸುವುದೆಲ್ಲಿಂದ ಬಂತು? ಕೋಡು ಓದುವುದು ಇವಳಿಗೆ ಬಿಟ್ಟಿದ್ದರೇ ಹೊರತು ಸರ್ವರ್‌ನ ಪಾಸ್‌ವರ್ಡು ಅಂಜನ್ ಒಬ್ಬನ ಹತ್ತಿರವೇ ಇತ್ತು. ಇಬ್ಬರ ಕೈಗೆ ಯಾಕೆ ಅಂತ ಹಾಗೆ ಮಾಡಿದವರೂ ನಂದೀಶ್ವರಯ್ಯನವರೇ. ಅವರು ಅಂಜನ್‌ಗೆ ಹಚ್ಚಿದರು. ಅವನು ಮಹಾಲಕ್ಷ್ಮಿಯ ಸಾಲಿನಲ್ಲಿ ಎಲ್ಲಿ ನಿಂತಿದ್ದನೋ, ಸಂಪರ್ಕಕ್ಕೆ ಸಿಗಲಿಲ್ಲ. "ಎಲ್ ಸತ್ತೋದ್ನಪ್ಪ ಇವನು!" ಅಂತ ಯಜಮಾನರು ಮತ್ತೆ ಮತ್ತೆ ಒತ್ತುತ್ತಲೇ ಇದ್ದರು, ಬೆವರು ಸುರಿದು ಹಣೆಯ ವಿಭೂತಿ ಕಣ್ಣಿಗಿಳಿಯುತ್ತಿತ್ತು.

ಲೋಹಿತಾ ಇತ್ತ ದೊಡ್ಡರಂಗಪ್ಪನ ನಂಬರು ಬಿಟ್ಟು ಬೇರೆ ಏನನ್ನೂ ಮುಟ್ಟಲಿಲ್ಲ. ರಿಂಗಾಗಿ ರಿಂಗಾಗಿ ಕಡಿದುಹೋಯಿತು. ಮತ್ತೆ ಒತ್ತಿದಳು. ಎತ್ತಿ, ದಮ್ಮಯ್ಯ, ಯಾರಾದರೂ ಎತ್ತಿ. ಎರಡು ಸಾಲು ನೋಡಿದ ಕೂಡಲೇ ದೊಡ್ಡ ಪಂಡಿತಳ ಹಾಗೆ ಹೇಳಿಬಿಟ್ಟೆನಲ್ಲ ಅಂತ ತನ್ನ ಮೇಲೇ ಅವಳಿಗೆ ಹೇಸಿಗೆಯಾಯಿತು. ಐದನೇ ಸಲಕ್ಕೋ ಆರನೇ ಸಲಕ್ಕೋ ಒಂದು ಹೆಣ್ಣುದನಿ ಏದುಸಿರು ಬಿಡುತ್ತಾ "ಅಲೋ" ಅಂತು. ದೊಡ್ಡರಂಗಪ್ಪನ ಹೆಂಡತಿ ರಾಜಲಕ್ಷ್ಮಮ್ಮ.

"ಯಾರದು? ಒಂದ್ ಕೈಯಾಗೆ ಹಗ್ಗ ಹಿಡ್ಕಂಡಿವ್ನಿ, ಬುಟ್ಟು ಅಲ್ಲಾಡಂಗಿಲ್ಲ, ಅವರು ನೀರಾಗವ್ರೆ. ಆಮೇಕ್ ಮಾಡಿ."

"ಇಡಬೇಡಿ ಅಕ್ಕ! ಸ್ಟಾರ್ಟರ್ ಆಫೀಸಿನ ಲೋಹಿತಾ. ಅವರನ್ನ ಈಗಲೇ ಮೇಲಕ್ಕೆ ಕರೀರಿ. ಮೂರು ಗಂಟೆಗೆ ಮೋಟಾರು ಆನ್ ಆಗುತ್ತೆ!"

"ಆಗಕಿಲ್ಲ ಬುಡಮ್ಮ. ಲೋಹಿತಮ್ಮ ನೋಡಿಯೇ ಹೇಳೈತೆ ಅಂತ ಇಳಿದವ್ರೆ."

"ನಾನೇ ಅಕ್ಕ ಲೋಹಿತಾ!"

ರಾಜಲಕ್ಷ್ಮಮ್ಮ ಬಾವಿಯೊಳಕ್ಕೆ ಏನೋ ಕೂಗಿದಳು. ಆಳದಿಂದ ಗಂಡನ ದನಿ ಸಾವಕಾಶವಾಗಿ ಮೇಲೆ ಬಂತು. "ಏನೂ ಆಗಕಿಲ್ಲ ಕಣೇ, ಆ ಮಗ ನೋಡಿ ಹೇಳೈತೆ. ಮರಿ ಕಾಲು ಬಿಡಿಸ್ತಾ ಇವ್ನಿ, ತಡಿ." ಅಲ್ಲೇ ಮೇಕೆ ಮರಿ ಅರಚಿತು.

ಗಡಿಯಾರದಲ್ಲಿ ಎರಡು ನಿಮಿಷ ಉಳಿದಿತ್ತು. ಇಷ್ಟು ದಿನ ಜೋಪಾನ ಮಾಡಿಕೊಂಡು ಬಂದ ಒಳ್ಳೆಯ ಹೆಸರೇ ಈಗ ಆ ಮನುಷ್ಯನನ್ನು ನೀರೊಳಗೆ ಹಿಡಿದು ನಿಲ್ಲಿಸಿತ್ತು.

"ಅಕ್ಕಾ, ನಾನು ಹೇಳಿದ್ದು ಸುಳ್ಳು!" ಲೋಹಿತಾ ಕಿರುಚಿದಳು. "ನಾನು ಸರಿಯಾಗಿ ನೋಡಲಿಲ್ಲ. ನನ್ನ ಮಾತು ನಂಬಬೇಡಿ! ಮರಿ ಹಾಳಾಗಿ ಹೋಗ್ಲಿ. ನಿಮ್ಮ ತಾಳಿ ಮೇಲೆ ಆಣೆ, ಎಳೀರಿ ಅಕ್ಕಾ!"

ಅತ್ತ ಫೋನು ಕಲ್ಲಿನ ಮೇಲೆ ಬಿದ್ದ ಸದ್ದು. ರಾಜಲಕ್ಷ್ಮಮ್ಮ ಕೂಗುತ್ತಿದ್ದಳು, "ಮ್ಯಾಕ್ ಬಾರೋ! ಬತ್ತೀಯೋ ಇಲ್ವೋ! ಆ ಹುಡುಗಿ ತಾಳಿ ಮೇಲೆ ಆಣೆ ಇಕ್ತಾ ಅವ್ಳೆ, ಬಾರೋ!" ನೀರು ಕಲಕಿತು. ಕಲ್ಲೊಂದು ಉರುಳಿ ದುಡುಂ ಅಂತ ಬಿತ್ತು. ಗಂಡನ ದನಿ ಏನೋ ಬೈಯಿತು. ನಂದೀಶ್ವರಯ್ಯ ಅವಳ ಪಕ್ಕ ಬಂದು ನಿಂತರು. ಅಂಜನ್‌ನ ಫೋನ್ ಇನ್ನೂ ಸಿಕ್ಕಿರಲಿಲ್ಲ.

ಅಷ್ಟರಲ್ಲಿ ಗುಂಯ್ ಅಂತ ಮೋಟಾರು ಎದ್ದಿತು.

ಪೈಪು ಕೆಮ್ಮಿ ನೀರು ಕಕ್ಕಿದ್ದು ಇಲ್ಲಿಗೂ ಸ್ಪಷ್ಟವಾಗಿ ಕೇಳಿಸಿತು. ಆ ಸದ್ದಿನಲ್ಲಿ ಬೇರೆ ಯಾವ ದನಿಯೂ ಇರಲಿಲ್ಲ, ರಾಜಲಕ್ಷ್ಮಮ್ಮನದೂ ಇರಲಿಲ್ಲ. ಲೋಹಿತಾ "ಅಕ್ಕಾ, ಅಕ್ಕಾ" ಅನ್ನುತ್ತಲೇ ಇದ್ದಳು. ಆ ಒಂದು ನಿಮಿಷ ಮುಗಿಯುವ ಹೊತ್ತಿಗೆ ಅವಳು ನೆಲದ ಮೇಲೇ ಕೂತುಬಿಟ್ಟಿದ್ದಳು. ಮೋಟಾರು ನಿಂತಿತು. ಯಾರೋ ಬಿಕ್ಕುತ್ತಿದ್ದರು, ಹೆಂಗಸು. ಫೋನನ್ನು ಯಾರೋ ಎತ್ತಿಕೊಂಡರು.

ಒದ್ದೆ ಉಸಿರು ಕೇಳಿಸಿತು.

"ದೊಡ್ಡರಂಗಪ್ಪಣ್ಣ?"

"ಹೂಂ. ಮೇಲಿನ ಮೆಟ್ಟಿಲ ಮ್ಯಾಲಿದ್ದೆ ಕಣಮ್ಮ. ಕಾಲು ನೀರಿಂದ ಆಗ ತಾನೆ ಎತ್ತಿದ್ದೆ. ಮರಿ ಅಲ್ಲೇ ಉಳ್ಕಂತು. ಈಗ ಸದ್ದಿಲ್ಲ."

"ತಪ್ಪಾಯ್ತಣ್ಣ" ಅಂದಳು.

ಅವನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಯಾವತ್ತೂ ಗದ್ದೆಯಾಚೆಗೆ ಕೇಳುವ ಹಾಗೆ ಕೂಗುವವನು ಇವತ್ತು ಪಕ್ಕದಲ್ಲಿ ಕೂತವಳಿಗೆ ಹೇಳುವಷ್ಟು ಮೆತ್ತಗೆ ಹೇಳಿದ.

"ಇನ್ನೊಂದ್ ದಪ ನಾನು ಕೇಳ್ದಾಗ, ಗೊತ್ತಿಲ್ಲ ಅಂದ್ಬುಡು ಕಣಮ್ಮ. ಗೊತ್ತಿಲ್ಲ ಅಂದಿದ್ರೆ ನಾನು ಆ ಡಬ್ಬ ಬಿಚ್ತಿದ್ದೆ."