ಬಿಳಿ ಮೊಲದ ಹಣೆ

"ಮೊಲ ಹಿಂಗಾಲು ನೆಲಕ್ಕೆ ಕುಟ್ಟುತ್ತಲ್ಲ, ಯಾಕೆ? ಯಾರಾದ್ರೂ ಹೇಳ್ತೀರಾ?"

ಮೈಸೂರಿನಿಂದ ಬಂದಿದ್ದ ಪಶುವೈದ್ಯೆ ತೇಜಸ್ವಿನಿ ಹೀಗೆ ಕೇಳಿದಾಗ ಕೊನೆಯ ಬೆಂಚಿನಲ್ಲಿದ್ದ ಕಲ್ಲಯ್ಯನಿಗೆ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಹನ್ನೆರಡು ವರ್ಷ ಕಾಲೇಜಿನ ಮೊಲಗಳಿಗೆ ಹುಲ್ಲು ನೀರು ಇಟ್ಟವನಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರಬೇಕು? ಆದರೆ ಮುಂದಿನ ಬೆಂಚುಗಳ ತುಂಬ ಬಿಳಿ ಕೋಟಿನ ಸಂಶೋಧಕರು. ಓದಿದವರ ನಡುವೆ ನನ್ನದೇನು ಎಂದು ಸುಮ್ಮನೆ ಕೂತ.

ಪ್ರಯೋಗದ ಪ್ರಾಣಿಗಳನ್ನು ಹೇಗೆ ನೋಡಿಕೊಳ್ಳಬೇಕು ಎಂಬ ತರಬೇತಿ ನಂಜನಗೂಡಿನ ಆ ಕಾಲೇಜಿನಲ್ಲಿ ನಡೆದದ್ದು ಅದೇ ಮೊದಲು. ಹೊಸ ನಿಯಮ ಬಂದಿತ್ತು. ಪ್ರೊಫೆಸರರಿಂದ ಹಿಡಿದು ಗೂಡು ತೊಳೆಯುವವರವರೆಗೆ ಎಲ್ಲರೂ ಕೂರಲೇಬೇಕಿತ್ತು.

ಹುಟ್ಟೂರು ಹೆಮ್ಮಿಗೆಯಲ್ಲಿ ಕಲ್ಲಯ್ಯನೆಂದರೆ ಕಾಲೇಜಿನ ಅಟೆಂಡರು. ಪ್ರಯೋಗ ಮುಗಿದ ಮೊಲವನ್ನು ಗೂಡಿನಿಂದ ತೆಗೆದು ಸಾಯಿಸುವ ಕೋಣೆಗೆ ಕೊಡುವುದು ತನ್ನದೇ ಕೈ ಎಂದು ಅವನು ಒಡಹುಟ್ಟಿದ ಅಕ್ಕ ಗುರುಬಸಮ್ಮನಿಗೂ ಹೇಳಿರಲಿಲ್ಲ. ಹೇಳಿದರೆ ಪಕ್ಕದಲ್ಲಿ ಕೂತು ಉಣ್ಣುವವರು ಯಾರು? ಮದುವೆಯ ಮಾತು ಬಂದಾಗಲೂ, ಕಟ್ಟಿಕೊಂಡವಳಿಗೆ ಒಂದು ದಿನ ಹೇಳಬೇಕಾಗುತ್ತದಲ್ಲ ಎಂದು ಜಾರಿಕೊಂಡಿದ್ದ. ಹಬ್ಬಕ್ಕೆ ಊರಿಗೆ ಹೋದರೂ ಉಂಡ ಕೈ ಒಣಗುವ ಮೊದಲೇ ಬಸ್ಸು ಹತ್ತುತ್ತಿದ್ದ. ಅವನು ಮನಸ್ಸು ಬಿಚ್ಚಿ ಮಾತಾಡುತ್ತಿದ್ದುದೆಲ್ಲ ಮೊಲಗಳ ಹತ್ತಿರವೇ.

ಕೊಂದ ಪಾಪ ತಿಂದು ಪರಿಹಾರ ಅನ್ನುತ್ತಾರೆ. ಲಿಂಗ ಕಟ್ಟಿದ ಕಲ್ಲಯ್ಯನಿಗೆ ಆ ದಾರಿಯೂ ಇಲ್ಲವಲ್ಲ, ಪಾಪ! ಅದಕ್ಕೇ ತನ್ನದೇ ಒಂದು ದಾರಿ ಮಾಡಿಕೊಂಡಿದ್ದ. ಮೊಲ ಹೋಗುವ ದಿನ ಮಾತ್ರ ಜೇಬಿನಲ್ಲಿ ವಿಭೂತಿ ಗಟ್ಟಿ ಇಟ್ಟುಕೊಂಡು ಬರುತ್ತಿದ್ದ. ಒದ್ದೆ ಬೆರಳಿನಿಂದ ಅದರ ಹಣೆಗೆ ಮೂರು ಗೆರೆ ಎಳೆದು, "ಓಗ್ಬಾ ಮಗ, ಶಿವ ಅವ್ನೆ" ಅನ್ನುತ್ತಿದ್ದ. ಬಿಳಿ ಕೂದಲ ಮೇಲೆ ಬಿಳಿ ಬೂದಿ. ಒಬ್ಬರ ಕಣ್ಣಿಗೂ ಬೀಳುತ್ತಿರಲಿಲ್ಲ. ಆಗ ಉಳಿದ ಗೂಡುಗಳಲ್ಲೆಲ್ಲ ದಬ್ ದಬ್ ಎಂದು ಕಾಲು ಕುಟ್ಟುವ ಸದ್ದು. ಶವದ ಮುಂದೆ ತಮಟೆ ಬಡಿದ ಹಾಗೆ. ಜೊತೆಯವನನ್ನು ಕಳಿಸಿಕೊಡುತ್ತಿವೆ ಎಂದು ಕಲ್ಲಯ್ಯ ನಂಬಿದ್ದ. ಆ ನಂಬಿಕೆ ಇದ್ದುದರಿಂದಲೇ ಸಂಜೆ ರೂಮಿಗೆ ಹೋಗಿ ಎರಡು ತುತ್ತು ಉಣ್ಣಲು ಆಗುತ್ತಿತ್ತು.

ಯಾರೂ ಬಾಯಿ ಬಿಡದಿದ್ದಾಗ ತೇಜಸ್ವಿನಿಯೇ ಹೇಳಿದರು. "ಹೆದರಿಕೆಗೆ. ಅಪಾಯ ಬಂತು ಅಂತ ಮಿಕ್ಕವಕ್ಕೆ ಹೇಳೋದು. ಒಂದು ವಾಸನೆ ಬಂದಾಗೆಲ್ಲ ಜೊತೇದು ಒಂದು ಹೋಗಿ ವಾಪಸ್ ಬರಲ್ಲ ಅಂದ್ರೆ, ಆಮೇಲೆ ಆ ವಾಸನೆಗೇ ನಡುಗ್ತವೆ. ಸೋಪಾಗ್ಲಿ, ಸೆಂಟಾಗ್ಲಿ."

ಕಲ್ಲಯ್ಯ ತನ್ನ ಬೆರಳುಗಳನ್ನು ಮೂಸಿ ನೋಡಿಕೊಂಡ.

ಟೀ ಹೊತ್ತಿನಲ್ಲಿ ಅವರ ಹತ್ತಿರ ಹೋಗಿ ನಿಂತ. "ಮೇಡಂ, ಈಬೂತಿ ವಾಸ್ನೆನೂ ಗೊತ್ತಾಯ್ತದಾ ಅವ್ಕೆ?"

"ಗೊತ್ತಾಗುತ್ತೆ. ಯಾಕೆ?"

ಹನ್ನೆರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಕಲ್ಲಯ್ಯ ಅಲ್ಲಿ ನಿಂತೇ ಹೇಳಿಬಿಟ್ಟ. ಅವರು ಬೈಯಲಿಲ್ಲ. ಲೋಟ ಕೆಳಗಿಟ್ಟರು.

"ಇನ್ಮೇಲೆ ಹಚ್ಚಬೇಡಿ. ಅದ್ರಿಂದ ಸಮಾಧಾನ ಆಗಿದ್ದು ನಿಮಗೆ, ಅವಕ್ಕಲ್ಲ."

"ಅಂಗಾರೆ ಸುಮ್ಕೆ ಕಳಿಸ್ಬುಡದಾ ಮೇಡಂ? ಯಾರೂ ದಿಕ್ಕಿಲ್ದೋವ್ರ ತರ?"

"ನೀವಿರ್ತೀರಲ್ಲ. ದಿನಾ ಹೇಗೆ ಎತ್ಕೋತೀರೋ ಹಾಗೇ ಎತ್ಕೊಳ್ಳಿ. ಅದಕ್ಕೆ ಅಷ್ಟು ಸಾಕು."

ನನಗೆ? ಎಂದು ಕೇಳಬೇಕೆನಿಸಿತು. ತರಬೇತಿ ಇದ್ದದ್ದು ಪ್ರಾಣಿಗಳ ಬಗ್ಗೆ. ಲೋಟ ತೊಳೆದಿಟ್ಟು ಬಂದು ತನ್ನ ಬೆಂಚಿನಲ್ಲಿ ಕೂತ.

ತರಬೇತಿ ಮುಗಿದ ನಾಲ್ಕನೇ ದಿನ ಸಂಶೋಧನಾ ವಿದ್ಯಾರ್ಥಿನಿ ಮಧುಶ್ರೀ ಬಾಗಿಲಲ್ಲಿ ನಿಂತು, "ಕಲ್ಲಯ್ಯಣ್ಣ, ಏಳನೇ ಗೂಡಿಂದು ಇವತ್ತು" ಎಂದಳು.

ಏಳನೆಯದು ಅವನ ಹೆಜ್ಜೆ ಸಪ್ಪಳಕ್ಕೇ ಜಾಲರಿಗೆ ಮೂತಿ ತಾಗಿಸುತ್ತಿದ್ದ ಮೊಲ. ಕಲ್ಲಯ್ಯನ ಕೈ ತಾನಾಗಿ ಜೇಬಿಗೆ ಹೋಯಿತು. ಗಟ್ಟಿಯನ್ನು ರೂಮಿನಲ್ಲೇ ಬಿಟ್ಟು ಬಂದಿದ್ದ. ಗೂಡು ತೆಗೆದು, ಹಿಂಗಾಲಿಗೆ ಅಂಗೈ ಕೊಟ್ಟು, ದಿನದ ಹಾಗೆಯೇ ಎದೆಗೆ ಆನಿಸಿಕೊಂಡ. ಅದೂ ದಿನದ ಹಾಗೆಯೇ ಅವನ ಕಂಕುಳಿಗೆ ಮೂತಿ ತೂರಿಸಿತು. ಓಗ್ಬಾ ಎನ್ನಲು ಬಾಯಿ ತೆರೆದವನು, ದಿನವೂ ಹೇಳುವ ಮಾತಲ್ಲವಲ್ಲ ಎಂದು ನುಂಗಿಕೊಂಡ.

ಎರಡು ಸಾಲು ಗೂಡುಗಳ ನಡುವೆ ಮೆಲ್ಲಗೆ ನಡೆದ. ಈಗ ಕುಟ್ಟುತ್ತವೆ, ಈಗ ಕುಟ್ಟುತ್ತವೆ ಎಂದು ಅವನ ಕಿವಿ ಕಾಯುತ್ತಲೇ ಇತ್ತು. ಒಂದೂ ಕುಟ್ಟಲಿಲ್ಲ. ತಲೆ ಎತ್ತದೆ ಹುಲ್ಲು ಮೇಯುತ್ತಿದ್ದವು. ಬಾಗಿಲವರೆಗೂ ಕೇಳಿಸಿದ್ದು ಅವನ ಹವಾಯಿ ಚಪ್ಪಲಿಯ ಸದ್ದೊಂದೇ.